ಬಣ್ಣದಕ್ಕ ಬಳಿದು ಮುಚ್ಚಿದ ಮುಖ

ನಮ್ಮ ಬೀದಿಯಲ್ಲಿ ಹುಟ್ಟಿದವರಿಗಿಂತ ಎಲ್ಲಿಂದಲೋ ಬಂದು ಸೇರಿದವರೇ ಹೆಚ್ಚು. ಕೆಲಸ ಹುಡುಕಿಕೊಂಡು ಬಂದವರು, ಮನೆಜಗಳಕ್ಕೆ ಬೇಸತ್ತು ಬಂದವರು, ಯಾಕೆ ಬಂದೆವೆಂದು ಬಾಯೇ ಬಿಡದವರು. ನನ್ನದು ಇಸ್ತ್ರಿ ಅಂಗಡಿ. ಎಲ್ಲರ ಬಟ್ಟೆಯೂ ನನ್ನ ಕೈಗೆ ಬರುವುದರಿಂದ ಎಲ್ಲರ ಸಮಾಚಾರವೂ ನನಗೆ ಗೊತ್ತೆಂಬ ಜಂಬ ನನಗಿತ್ತು. ಅದು ಬೇಕರಿಯವಳ ವಿಷಯದಲ್ಲಿ ಇಳಿದುಹೋಯಿತು.

ಆದರೆ ಮೊದಲು ಬಣ್ಣದಕ್ಕನ ಬಗ್ಗೆ ಹೇಳಬೇಕು. ಅವಳು ಮನೆಗಳಿಗೆ ಬಣ್ಣ ಬಳಿಯುವವಳು. ಗಂಡ ಏಣಿಯಿಂದ ಬಿದ್ದು ತೀರಿಕೊಂಡ ಮೇಲೆ ಅದೇ ಏಣಿಯನ್ನು ತಾನು ಹೊತ್ತಳು. ಹೆಂಗಸು ಏಣಿ ಹತ್ತುವುದೇ ಎಂದು ಮೂಗು ಮುರಿದವರ ಮನೆಗಳಿಗೂ ಮುಂದೆ ಅವಳೇ ಬಳಿದಳು. ಒಂದು ಕೊರಗು ಮಾತ್ರ ಅವಳನ್ನು ಬಿಡಲಿಲ್ಲ.

“ಈ ಊರಿನ ಅರ್ಧ ಗೋಡೆ ನಾನೇ ಬಳಿದಿದ್ದೀನಿ. ನಾವೂ ಇಲ್ಲಿದ್ದೀವಿ ಅನ್ನೋಕೆ ಒಂದರಲ್ಲೂ ಗುರುತಿಲ್ಲ,” ಎನ್ನುತ್ತಿದ್ದಳು.

ನನ್ನ ಅಂಗಡಿಯ ಎದುರಿನ ಹಳೆಯ ಗೋದಾಮಿನ ಗೋಡೆಗೆ ಬೀದಿಯವರೆಲ್ಲ ಸೇರಿ ಚಿತ್ರ ಬರೆಯುವುದೆಂದು ನಮ್ಮ ಬೀದಿ ಸಂಘದಲ್ಲಿ ತೀರ್ಮಾನವಾದಾಗ, ಹೂವು ಹಕ್ಕಿ ಬೇಡ, ಇಲ್ಲಿರುವವರ ಮುಖಗಳೇ ಇರಲಿ ಎಂದು ಪಟ್ಟು ಹಿಡಿದವಳು ಅವಳು. ಮುಖಗಳನ್ನು ಅವಳು ಬರೆಯುವುದು, ಉಳಿದದ್ದಕ್ಕೆ ಬೀದಿಯವರು ಬಣ್ಣ ತುಂಬುವುದು. ಒಬ್ಬೊಬ್ಬರನ್ನೇ ನನ್ನ ಅಂಗಡಿಯ ಮುಂದೆ ಕೂರಿಸಿ ಬರೆದಳು. ನನ್ನ ಮೂಗನ್ನು ಇದ್ದದ್ದಕ್ಕಿಂತ ದಪ್ಪ ಬರೆದಳು. ಸರಿಯಾಗಿಯೇ ಇದೆ ಎಂದು ನನ್ನ ಹೆಂಡತಿ ಸರ್ಟಿಫಿಕೇಟ್ ಬೇರೆ ಕೊಟ್ಟಳು.

ಬೇಕರಿಯವಳು ಮಾತ್ರ ಒಪ್ಪಲಿಲ್ಲ. ಒಲೆಯ ಮುಂದೆ ಕೆಲಸ, ಅಂಗಡಿಗಳಿಗೆ ಬ್ರೆಡ್ಡು ಕೊಟ್ಟು ಬರುವುದು, ಆಮೇಲೆ ಮನೆ. ಅಷ್ಟೇ ಅವಳ ಲೋಕ. “ನನ್ನ ಮುಖದಲ್ಲೇನಿದೆ, ಬಿಡಿ ಅಕ್ಕ,” ಎಂದು ಜಾರಿಕೊಳ್ಳುತ್ತಿದ್ದಳು. ಬಣ್ಣದಕ್ಕ ಬಿಡುವ ಪೈಕಿಯಲ್ಲ. ದಿನಾ ಬೇಕರಿಗೆ ಹೋಗಿ ಪೀಡಿಸಿದಳು.

“ನೀನಿಲ್ದೆ ಗೋಡೆ ಬೋಳು ಬೋಳಾಗಿ ಕಾಣುತ್ತೆ ಕಣೇ.”

ಕೊನೆಗೊಂದು ಮಧ್ಯಾಹ್ನ ಅವಳು ಬಂದು ಕೂತಳು. ಹುಬ್ಬಿನ ಮೇಲಿನ ಹಳೆಯ ಗಾಯದ ಗುರುತೂ ಸೇರಿ ಮುಖ ಅಚ್ಚುಕಟ್ಟಾಗಿ ಬಂತು. ಅವಳು ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಳು. ಅವಳು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಊರು ಬಿಟ್ಟು ಬಂದವರಿಗೆಲ್ಲ ಒಂದು ಚಟ. ಇಲ್ಲಿ ಏನೇ ಒಳ್ಳೆಯದಾದರೂ ಊರಿನವರು ನೋಡುವ ತನಕ ಅದು ಆದಂತೆಯೇ ಅಲ್ಲ. ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಎಲ್ಲರೂ ಊರಿಗೆ ಕಳಿಸಿದ್ದೇ ಕಳಿಸಿದ್ದು. ನಮ್ಮ ಬೀದಿಯ ದರ್ಜಿಯೂ ಊರಲ್ಲಿದ್ದ ತನ್ನ ತಂಗಿಗೆ ಕಳಿಸಿದ. ಅವನೂ ಬೇಕರಿಯವಳೂ ಒಂದೇ ಸೀಮೆಯವರೆಂಬುದು ಯಾರ ತಲೆಗೂ ಹೊಳೆಯಲಿಲ್ಲ.

ಗೋಡೆಚಿತ್ರದ ಉದ್ಘಾಟನೆಯ ಹಿಂದಿನ ದಿನ ಬೆಳಿಗ್ಗೆ ದರ್ಜಿ ಏದುಸಿರು ಬಿಡುತ್ತ ನನ್ನ ಅಂಗಡಿಗೆ ಬಂದ. ಬಣ್ಣದಕ್ಕ ಅಲ್ಲೇ ಚಹಾ ಕುಡಿಯುತ್ತಿದ್ದಳು.

“ತಂಗಿ ಫೋನ್ ಮಾಡಿದ್ಲು. ಆ ಫೋಟೊ ಅವರಿವರ ಕೈ ಸೇರಿ ಬೇಕರಿಯವಳ ಗಂಡನಿಗೆ ಸಿಕ್ಕಿದೆಯಂತೆ. ಅವನ ಹೊಡೆತ ತಡೀಲಾರದೆ ಓಡಿ ಬಂದವಳಂತೆ ಇವಳು. ಎಳ್ಕೊಂಡೇ ಬರ್ತೀನಿ ಅಂತ ಊರಿಗೆಲ್ಲ ಸಾರಿ ನಿನ್ನೆನೇ ಹೊರಟಿದ್ದಾನಂತೆ.”

ಬಣ್ಣದಕ್ಕ ಲೋಟ ಕೆಳಗಿಟ್ಟಳು. “ಬೇಡ ಬೇಡ ಅಂದ್ಲು. ನಾನೇ ಕೂರಿಸಿದೆ,” ಎಂದಳು. ನಂತರ ದರ್ಜಿಗೆ, “ಬೇಕರಿಗೆ ಹೋಗಿ ಅವಳನ್ನ ಒಳಗೇ ಇರೋಕೆ ಹೇಳು. ಬೀದಿಯವರಿಗೂ ಹೇಳು, ಯಾರೇ ಕೇಳಿದ್ರೂ ಅವಳು ಇಲ್ಲಿಂದ ಹೋದ್ಲು ಅಂತ,” ಎಂದವಳೇ ಆ ಮುಖಕ್ಕೆ ಬಣ್ಣ ಬಳಿದು ಮುಚ್ಚಲು ಏಣಿ ಎತ್ತಿಕೊಂಡಳು. ನಾಳೆ ಅತಿಥಿಗಳು ಬಂದಾಗ ಗೋಡೆಯ ನಡುವೆ ತೇಪೆಯೇ ಎಂದು ಸಂಘದ ಯಜಮಾನರು ಗೊಣಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಹಣೆಯೂ ಪೂರ್ತಿ ಮುಚ್ಚಿರಲಿಲ್ಲ, ಬೇಕರಿಯವಳ ಗಂಡ ಬಂದೇ ಬಿಟ್ಟ. ಹೆಗಲಿಗೆ ಚೀಲ, ಕೈಯಲ್ಲಿ ಮೊಬೈಲು. ಅದನ್ನು ಗೋಡೆಯ ಕಡೆ ಎತ್ತಿ ಹಿಡಿದು ತಾಳೆ ನೋಡಿದ.

“ಇವಳೆಲ್ಲಿ?” ಎಂದು ನನ್ನನ್ನು ಕೇಳಿದ. ಇಸ್ತ್ರಿಪೆಟ್ಟಿಗೆಯ ಕೆಳಗೆ ಯಾರದೋ ಅಂಗಿ ಸೀದ ವಾಸನೆ ಬಂತು.

ಬಣ್ಣದಕ್ಕ ಏಣಿಯ ಮೇಲಿಂದ ತಿರುಗಿಯೂ ನೋಡದೆ ಹೇಳಿದಳು. “ಹೋದ್ಲು. ಹೋದೋರ ಮುಖ ನಾವು ಇಟ್ಕೊಳ್ಳಲ್ಲ.”

“ಎಲ್ಲಿಗೆ?”

“ಹೇಳಿ ಹೋಗಿದ್ರೆ ನಾನ್ಯಾಕೆ ಸಿಟ್ಟಲ್ಲಿ ಅಳಿಸ್ತಿದ್ದೆ?”

ಅವನು ನಂಬಿದನೋ ಇಲ್ಲವೋ, ಕೈಕಟ್ಟಿ ಅಲ್ಲೇ ನಿಂತ. ಆಗಲೇ ಮೂಲೆ ತಿರುಗಿ ಬೇಕರಿಯವಳು ಬಂದಳು. ದರ್ಜಿ ಹೋಗುವಷ್ಟರಲ್ಲಿ ಅವಳು ಬ್ರೆಡ್ಡು ಕೊಡಲು ಹೊರಟಾಗಿತ್ತು. ಗಲ್ಲದ ತನಕ ಟ್ರೇಗಳು, ಹುಬ್ಬಿನ ತನಕ ಟೋಪಿ, ಕೆನ್ನೆಗೆಲ್ಲ ಹಿಟ್ಟು. ಅವನನ್ನು ಕಂಡಳು. ಹೆಜ್ಜೆ ಒಮ್ಮೆ ತಡೆಯಿತು. ಹಿಂದಕ್ಕೆ ತಿರುಗಿದರೆ ಅವನ ಗಮನ ಬೀಳುತ್ತದೆ. ಮುಂದಕ್ಕೆ ಬಂದರೆ ಏಣಿಯಿಂದಾಗಿ ಉಳಿದ ಕಿರಿದಾದ ದಾರಿಯಲ್ಲಿ ಅವನೇ ನಿಂತಿದ್ದಾನೆ. ಅವಳು ಮುಂದಕ್ಕೇ ಬಂದಳು.

“ಬ್ರೆಡ್ಡು ಬರ್ತಿದೆ, ಸ್ವಲ್ಪ ಸರ್ಕೊಳ್ಳಿ,” ಎಂದೆ. ಆ ದನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ.

ಅವನು ಗೋಡೆಯಿಂದ ಕಣ್ಣು ಕೀಳದೆ ಒಂದು ಹೆಜ್ಜೆ ಸರಿದ. ಅವಳ ಭುಜ ಅವನ ಭುಜಕ್ಕೆ ತಾಗಿತು. ಅವಳು ನಿಲ್ಲದೆ ದಾಟಿ ದಿನಸಿ ಅಂಗಡಿ ಹೊಕ್ಕಳು.

“ಆ ಗಾಯ ಇನ್ನೂ ಕಾಣ್ತಿದೆ,” ಎಂದು ಅವನು ಬಣ್ಣದಕ್ಕನಿಗೆ ಹೇಳಿದ. “ಪೂರ್ತಿ ಮುಚ್ಚಿ. ನಮ್ಮನೆ ಹೆಂಗಸಿನ ಮುಖ ಬೀದಿ ಗೋಡೆ ಮೇಲೆ ಅಂದ್ರೆ ಊರಲ್ಲಿ ನಾನು ತಲೆ ಎತ್ತೋ ಹಾಗಿಲ್ಲ.”

ಬಣ್ಣದಕ್ಕ ಮುಚ್ಚಿದಳು. ತಾನು ಬರೆದವುಗಳಲ್ಲೆಲ್ಲ ಚೆಂದದ ಮುಖವನ್ನು, ಅವನ ಕಣ್ಣೆದುರು, ಕೈ ನಡುಗಿಸದೆ. ಅವನು ಬೀದಿಯುದ್ದಕ್ಕೂ ವಿಚಾರಿಸಿದ. ಯಾವ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳಲಾಗದ ನಮ್ಮ ಬೀದಿ ಅವತ್ತು ಒಂದೇ ಮಾತು ಹೇಳಿತು. ಮತ್ತೆ ಬಂದು ಖಾಲಿ ಜಾಗದ ಫೋಟೊ ತೆಗೆದು, ಫೋನಿನಲ್ಲಿ ಯಾರಿಗೋ, “ನಾನೇ ನಿಂತು ಅಳಿಸಿದ್ದೀನಿ, ಎಲ್ಲರಿಗೂ ತೋರ್ಸು,” ಎಂದು ಹೇಳುತ್ತ ಹೊರಟುಹೋದ. ಹೆಂಡತಿಯನ್ನು ಎಳೆದೊಯ್ಯಲು ಬಂದವನಿಗೆ ಅಷ್ಟೇ ಸಾಕಾಯಿತು.

ಬೇಕರಿಯವಳು ದಿನಸಿ ಅಂಗಡಿಯ ಒಳಗೆ ಮೂಟೆಗಳ ಮಧ್ಯೆ ಕುಸಿದು ಕೂತಿದ್ದಳು. ನಾನೂ ಬಣ್ಣದಕ್ಕನೂ ಓಡಿದೆವು.

“ಭುಜ ತಾಗ್ತು ಅಕ್ಕ. ಆದ್ರೂ ನನ್ನ ಕಡೆ ತಿರುಗಲಿಲ್ಲ,” ಎಂದಳು. “ಅವನ ಮನೇಲಿದ್ದಾಗ್ಲೂ ಹೀಗೇ. ಒಂದು ದಿನಾನೂ ನನ್ನ ಮುಖ ಸರಿಯಾಗಿ ನೋಡಿರಲಿಲ್ಲ.”

ಬಣ್ಣದಕ್ಕ ಬಣ್ಣ ಮೆತ್ತಿದ ಕೈಗಳಿಂದಲೇ ಅವಳ ಮುಖ ಹಿಡಿದುಕೊಂಡಳು.

“ನಾನು ನೋಡಿದ್ದೀನಿ ಕಣೇ. ಕಣ್ಣು ಮುಚ್ಕೊಂಡು ಬರೀಬಲ್ಲೆ. ಬರೆಯಲ್ಲ, ಅಷ್ಟೇ,” ಎಂದವಳು ಆಮೇಲೆ ಅತ್ತಳು.