ಅವನ ಅಳತೆಯ ಕಾರು

ಅವನನ್ನು ಎಲ್ಲರೂ ಕಿಡಿ ಅಂತಲೇ ಕರೆಯುತ್ತಿದ್ದರು. ಗೇಟು, ಕಿಟಕಿ ಸರಳು, ಮೆಟ್ಟಿಲ ಕಂಬಿ ಬೆಸೆಯುವ ಕಸುಬು ಒಂದು ಕಾರಣ. ಮೂಗಿನ ತುದಿಯಲ್ಲೇ ಕೂತಿರುತ್ತಿದ್ದ ಕೋಪ ಇನ್ನೊಂದು. ಗೇಟು ಕಿರುಗುಟ್ಟಿತು ಅಂತ ಯಾರಾದರೂ ಕರೆದರೆ, ಬಂದವನು ಮೊದಲು ಮನೆಯವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಿದ್ದ. "ಒದ್ದು ತೆಗೀತೀರಲ್ಲ, ನಿಮ್ಮ ಕಾಲಿಗೆ ಬೇರೆ ಕೆಲಸ ಇಲ್ವಾ?" ಅಂದು, ಆಮೇಲೆ ಗೇಟು ರೆಕ್ಕೆಯ ಹಾಗೆ ತಿರುಗುವಂತೆ ಮಾಡಿಕೊಟ್ಟು ಹೋಗುತ್ತಿದ್ದ.

ಅವನ ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ಕಾರು ಇತ್ತು. ಕಾರು ಅಂತ ಅವನು ಹೇಳುತ್ತಿದ್ದ. ಬೀದಿಯವರು ಅದಕ್ಕೆ ಸೌತೆಕಾಯಿ ಅನ್ನುತ್ತಿದ್ದರು. ಉದ್ದಕ್ಕೆ, ಸಪೂರಕ್ಕೆ, ಮುಂದೆ ಚೂಪಾಗಿ ಇದ್ದ ಅದರೊಳಗೆ ಒಬ್ಬರು ಮಾತ್ರ, ಅದೂ ಹೆಚ್ಚುಕಡಿಮೆ ಮಲಗಿಕೊಂಡೇ ಇರಬೇಕು. ಬೆನ್ನ ಹಿಂದೆ ಹಳೇ ಮೋಟಾರ್‌ಬೈಕಿನ ಎಂಜಿನ್. ಸುತ್ತ ಪೈಪಿನ ಪಂಜರ, ಮೇಲೆ ಅಲ್ಯುಮಿನಿಯಂ ತಗಡಿನ ಚರ್ಮ. ಅದಕ್ಕೆ ಇದ್ದದ್ದು ಒಂದೇ ಕೆಲಸ. ವರ್ಷಕ್ಕೊಂದು ಸಲ, ನೀರು ಒಣಗಿ ಕಲ್ಲಿನಷ್ಟು ಗಟ್ಟಿಯಾದ ದೊಡ್ಡ ಉಪ್ಪಿನ ಬಯಲಿನಲ್ಲಿ ಜನ ಸೇರುತ್ತಾರೆ. ಒಂದು ಸಲಕ್ಕೆ ಒಂದೇ ಕಾರು, ನೆಟ್ಟಗೆ, ತನ್ನ ಕೈಲಾದಷ್ಟು ವೇಗವಾಗಿ ಓಡುತ್ತದೆ. ಯಾರನ್ನೂ ಹಿಂದೆ ಹಾಕಬೇಕಾಗಿಲ್ಲ. ಪಂದ್ಯ ಏನಿದ್ದರೂ ಗಡಿಯಾರದ ಜೊತೆ.

ಮೀಸೆ ಚಿಗುರುವ ವಯಸ್ಸಿನಲ್ಲಿ ಕಿಡಿ ಅಲ್ಲಿಗೆ ಒಮ್ಮೆ ಹೋಗಿದ್ದ, ನೋಡಲಿಕ್ಕಲ್ಲ, ಬೇಲಿಯ ಕಂಬ ಬೆಸೆಯಲಿಕ್ಕೆ. ಯಾರದೋ ಕಾರಿನ ಹಿಂದಿನ ಪೈಪು ಬಿರುಕು ಬಿಟ್ಟಿತ್ತು. ಇವನನ್ನು ಕರೆದರು. ಇವನು ಮಂಡಿಯೂರಿ ಕೂತು ಬೆಸೆದುಕೊಟ್ಟ. ಓಡಿಸುವವನು ಇವನ ಭುಜ ತಟ್ಟಿ, ಒಳಗೆ ತೂರಿಕೊಂಡು, ಹೋಗಿಯೇಬಿಟ್ಟ. ಕಾರು ಚುಕ್ಕಿಯಾಯಿತು, ಚುಕ್ಕಿಯೂ ಇಲ್ಲವಾಯಿತು, ಸದ್ದು ಮಾತ್ರ ಹಿಂದಿನಿಂದ ನಿಧಾನಕ್ಕೆ ಬಂತು. ಇವನು ಉಪ್ಪು ಮೆತ್ತಿದ ಮಂಡಿಯಲ್ಲಿ ನಿಂತೇ ಇದ್ದ. ಬೆಸುಗೆ ನನ್ನದು, ಓಟ ಅವನದು. ಈ ಒಂದು ಮಾತು ಅವತ್ತು ಎದೆಯೊಳಗೆ ಹೊಕ್ಕಿತು ನೋಡಿ, ಮದುವೆಯಾದರೂ ಹೋಗಲಿಲ್ಲ, ಮಂಡಿ ನೋವು ಶುರುವಾದರೂ ಹೋಗಲಿಲ್ಲ. ಒಂದು ಸಲ, ಒಂದೇ ಸಲ, ತಾನು ಬೆಸೆದದ್ದರೊಳಗೆ ತಾನೇ ಕೂತು ಹೋಗಬೇಕು. ಅವನ ಬಾಳಿನಲ್ಲಿ ಬೇರೆ ಹರಕೆ ಇರಲಿಲ್ಲ.

ಅವನಿಗೆ ನಕ್ಷೆ ಬರೆಯಲು ಬಾರದು. ಗೇಟು ಮಾಡುವವನಿಗೆ ಅದರ ಗೊಡವೆಯೂ ಇಲ್ಲ. ಬಾಗಿಲ ಕಂಡಿಯನ್ನು ಅಳೆದು, ಅದಕ್ಕೆ ಕೂರುವಂತೆ ಮಾಡಿದರೆ ಮುಗಿಯಿತು. ಕಾರನ್ನೂ ಹಾಗೇ ಮಾಡಿದ. "ಗೇಟಿಗೆ ಬಾಗಿಲು ಅಳತೆ. ಇದಕ್ಕೆ ನಾನೇ ಅಳತೆ," ಅಂದು ಶೆಡ್ಡಿನ ನೆಲದಲ್ಲಿ ಅಂಗಾತ ಮಲಗಿ, ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆಸಿಕೊಂಡ. ಗೆರೆ ಎಳೆದವನು ಅವನ ಭಾವಮೈದ, ಹೆಂಡತಿಯ ತಮ್ಮ, ಲೇತ್ ಮೇಲೆ ಕೆಲಸ ಮಾಡುವವನು. ಕಾರಿನ ಅಚ್ಚು, ಗಾಲಿಯ ನಡುವಿನ ಗುಂಬ ಎಲ್ಲ ಕಡೆದುಕೊಟ್ಟವನೂ ಅವನೇ.

"ಭಾವ, ಪೊಲೀಸಿನೋರು ಹೆಣದ ಸುತ್ತ ಹೀಗೇ ಗೆರೆ ಹಾಕೋದು," ಅಂದ ಭಾವಮೈದ.

"ಬಾಯಿ ಮುಚ್ಕೊಂಡು ಹೊಟ್ಟೆ ಹತ್ರ ಸ್ವಲ್ಪ ಜಾಗ ಬಿಡೋ."

"ಬಿಟ್ಟಿದ್ದೀನಿ. ಸ್ವಲ್ಪ ಅಲ್ಲ."

ಪಂಜರವನ್ನು ಮಾತ್ರ ಕಿಡಿ ಯಾರಿಗೂ ಮುಟ್ಟಲು ಬಿಡಲಿಲ್ಲ. ಗೇಟಿನ ಕೆಲಸದಲ್ಲಿ ಯಾರಾದರೂ ಸರಳು ಹಿಡಿದು ನಿಲ್ಲುತ್ತಿದ್ದರು. ಇದರಲ್ಲಿ ಒಂದು ಕೈಯಲ್ಲಿ ಪೈಪನ್ನು ಬೇಕಾದ ಓರೆಗೆ ತಾನೇ ಹಿಡಿದು, ಇನ್ನೊಂದು ಕೈಯಲ್ಲಿ ವೆಲ್ಡಿಂಗ್ ಕಡ್ಡಿ ಹಿಡಿದು, ಮೊದಲ ಚುಕ್ಕೆ ಬೆಸುಗೆ ಹಾಕುತ್ತಿದ್ದ. ಕಪ್ಪು ಗಾಜು ಹಿಡಿಯಲು ಮೂರನೇ ಕೈ ಎಲ್ಲಿಂದ ಬರಬೇಕು? ಕಣ್ಣು ಕಿರಿದು ಮಾಡಿ, ಮುಖ ಒಂಚೂರು ಓರೆ ಮಾಡಿ, ಚುರ್ ಅನ್ನಿಸುವುದು. ಆ ಕಸುಬಿನವರೆಲ್ಲರ ಚಾಳಿ ಅದು. ರಾತ್ರಿ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿದರೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗುವುದು. ಬೆಳಿಗ್ಗೆ ಮತ್ತೆ ಅದೇ.

ಸೀಟು ಮಾಡಿದ ದಿನ ಬೀದಿಗೆಲ್ಲ ತಮಾಷೆ. ಎರಡು ದ್ರವ ಬೆರೆಸಿದರೆ ಉಕ್ಕಿ ಗಟ್ಟಿಯಾಗುವ ಫೋಮು. ಅದನ್ನು ಕಾರಿನೊಳಗಿಟ್ಟ ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಮೇಲೆ ಕಿಡಿ ಕೂತ. ಅದು ಬಿಸಿಯಾಗಿ ಅವನ ಸೊಂಟ, ಬೆನ್ನು, ತೋಳಿನ ಸಂದಿಗೆಲ್ಲ ಉಬ್ಬಿ ಬರತೊಡಗಿತು. ಚೀಲ ಎಲ್ಲೋ ಹರಿದಿತ್ತು. ಫೋಮು ಅಂಗಿಯನ್ನು ಕಚ್ಚಿ ಹಿಡಿದು ಅಲ್ಲೇ ಕಲ್ಲಾಯಿತು. ಊರಿನ ಬಸ್ಸು ಓಡಿಸುತ್ತಿದ್ದ ಹೆಂಡತಿ ಕೆಲಸ ಮುಗಿಸಿ ಬಂದಾಗ, ಗಂಡ ಕಾರಿನೊಳಗೆ ಸಿಕ್ಕಿಹಾಕಿಕೊಂಡು ಭಾವಮೈದನ ಏಳು ತಲೆಮಾರನ್ನು ಜಾಲಾಡುತ್ತಿದ್ದ.

"ನಮ್ಮ ತಲೆಮಾರೂ ಅದೇ ಕಣ್ರೀ, ಸ್ವಲ್ಪ ಮೆಲ್ಲಗೆ," ಅಂದಳು ಅವಳು. ಕತ್ತರಿ ತಂದು ಅಂಗಿಯನ್ನು ಬೆನ್ನಿನಿಂದ ಕತ್ತರಿಸಿ ಅವನನ್ನು ಬಿಡಿಸಿದಳು. ಸೀಟು ಮಾತ್ರ ಏನು ಸೊಗಸಾಗಿ ಬಂದಿತ್ತು! ಅವನ ಬೆನ್ನಿನ ಒಂದೊಂದು ತಗ್ಗೂ ಅದರಲ್ಲಿ ಅಚ್ಚೊತ್ತಿತ್ತು. ಅಂಗಿಯ ಚೂರು ಒಳಗೇ ಉಳಿಯಿತು.

ಕಾರು ಮುಗಿಯಿತು. ಓಡಿಸುವವರ ಎರಡೂ ಕಣ್ಣು ತಪಾಸಣೆಯಲ್ಲಿ ಪಾಸಾಗಿರಬೇಕು ಅಂತ ಬಯಲಿನವರ ನಿಯಮ. ಕಿಡಿ ಇದೊಂದು ಶಾಸ್ತ್ರ ಅಂದುಕೊಂಡೇ ಹೋದ. ಕಣ್ಣಿನ ಡಾಕ್ಟರಮ್ಮ ಎಡಗಣ್ಣು ಮುಚ್ಚಿಸಿದರು.

"ಈಗ ಬೋರ್ಡು ಓದಿ."

ಬೋರ್ಡಿನ ಚೌಕಟ್ಟು ಕಾಣಿಸುತ್ತಿತ್ತು. ನಡುವೆ ಬೂದಿ ಬಣ್ಣ.

"ಲೈಟು ಹಾಕಿ," ಅಂದ.

"ಹಾಕಿದೆ."

ಡಾಕ್ಟರಮ್ಮ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಬಲಗಣ್ಣಿನ ಒಳಗೆ ನಟ್ಟನಡುವೆ ಸುಟ್ಟ ಕಲೆ, ಕನ್ನಡಕಕ್ಕಾಗಲಿ ಆಪರೇಷನ್ನಿಗಾಗಲಿ ಬಗ್ಗುವಂಥದ್ದಲ್ಲ ಅಂದರು. ಎರಡೂ ಕಣ್ಣು ತೆರೆದಿರುವಾಗ ಎಡಗಣ್ಣೇ ಎಲ್ಲ ನೋಡಿಕೊಳ್ಳುವುದರಿಂದ ಗೊತ್ತಾಗಿಲ್ಲ. ಹಳೆಯದಲ್ಲ, ಈಚಿನ ವರ್ಷಗಳದ್ದು. ಕಿಡಿ ಅಲ್ಲಿ ಕೂಗಾಡಿದ. ನಿಮ್ಮ ಬೋರ್ಡೇ ಸರಿ ಇಲ್ಲ ಅಂದ. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡ ಮೇಲೆ ಅವನಿಗೆ ಹೊಳೆಯಿತು. ಗೇಟಿಗೆ ಹೋದ ಕಣ್ಣಲ್ಲ ಇದು, ಪಂಜರಕ್ಕೆ ಹೋದದ್ದು.

ಮನೆಗೆ ಬಂದು ಕಾರಿನ ಮೂತಿಗೆ ಗುದ್ದಿದ. ತಗಡು ಬಟ್ಟಲಿನ ಹಾಗೆ ತಗ್ಗಾಯಿತು. ಮಾರನೇ ದಿನ ತಾನೇ ಒಳಗಿನಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ನೆಟ್ಟಗೆ ಮಾಡಿ, ಟಾರ್ಪಾಲು ಹೊದಿಸಿ, ಶೆಡ್ಡಿನ ಬಾಗಿಲು ಹಾಕಿದ. ಆಮೇಲೆ ಗೇಟು ಮಾಡಿದ, ಕಿಟಕಿ ಮಾಡಿದ. ಯಾರಿಗೂ ಬೈಯಲಿಲ್ಲ. ಬೀದಿಯವರಿಗೆ ಅದೇ ಗಾಬರಿ.

ಭಾವಮೈದ ಒಮ್ಮೆ ಬಾಯಿ ಬಿಟ್ಟ. "ಭಾವ, ನಾನು ಓಡಿಸ್ತಿದ್ದೆ. ಆದ್ರೆ ಸೀಟು ನಿಮ್ಮದು, ಹೊಟ್ಟೆ ನಂದು, ನಿಮ್ಮದಕ್ಕಿಂತ ದೊಡ್ಡದು, ಹೊಂದಲ್ಲ."

"ಗೊತ್ತು," ಅಂದ ಕಿಡಿ. ಅಷ್ಟೇ.

ಬಯಲಿನ ದಿನಗಳು ಹತ್ತಿರ ಬಂದಾಗ ಒಂದು ಸಂಜೆ ಶೆಡ್ಡಿನ ಬಾಗಿಲು ತೆರೆದಿತ್ತು. ಟಾರ್ಪಾಲು ನೆಲದ ಮೇಲಿತ್ತು. ಹೆಂಡತಿ ಬಸ್ಸಿನ ಖಾಕಿ ಅಂಗಿಯಲ್ಲೇ ಕಾರಿನೊಳಗೆ ಮಲಗಿಕೊಂಡು ಕಾಲು ಚಾಚುತ್ತಿದ್ದಳು.

"ಇಳಿ," ಅಂದ ಕಿಡಿ.

"ಪೆಡಲು ಸಿಗ್ತಾ ಇಲ್ಲ ಕಣ್ರೀ."

"ನಿನಗೆ ಯಾಕೆ ಸಿಗಬೇಕು? ಇಳಿ ಅಂದೆ."

"ಇಷ್ಟು ವರ್ಷ ಬಸ್ಸು ಓಡಿಸಿದ್ದೀನಿ. ಒಬ್ಬರನ್ನೂ ಬೀಳಿಸಿಲ್ಲ."

"ಇದು ಬಸ್ಸಲ್ಲ."

"ಗೊತ್ತು. ಇದರಲ್ಲಿ ಚಿಲ್ಲರೆ ಕೇಳೋರಿಲ್ಲ."

ಅವನು ನಗಲಿಲ್ಲ. ಅವಳಿಗೆ ಏನಾದರೂ ಆದೀತು ಅನ್ನುವ ಹೆದರಿಕೆ ಇತ್ತು, ಇಲ್ಲ ಅಂತಲ್ಲ. ಆದರೆ ಅವನನ್ನು ಸುಡುತ್ತಿದ್ದದ್ದು ಅದಲ್ಲ, ಶುದ್ಧ ಹೊಟ್ಟೆಕಿಚ್ಚು. ಇವಳೂ ಹೋಗಿಬಿಟ್ಟರೆ ನಾನು ಮತ್ತೆ ಮಂಡಿಯೂರಿ ಬೆಸೆದುಕೊಟ್ಟವನೇ ಆದೆನಲ್ಲ. ಕೈ ಕಟ್ಟಿ ನಿಂತ.

ಅವಳು ಮತ್ತೆ ಕಾಲು ಚಾಚಿದಳು. ಬೆರಳ ತುದಿ ಪೆಡಲಿನ ಹತ್ತಿರ ಹೋಗಿ, ಒಂದು ಗೇಣು ಹಿಂದೆಯೇ ಗಾಳಿಯಲ್ಲಿ ನಿಂತಿತು. ಕೀಲು ಕೂರದ ಗೇಟನ್ನು ನೋಡಿದ ಹಾಗಾಯಿತು ಅವನಿಗೆ. ಅವನು ಎಂಥ ಸಿಟ್ಟಿನಲ್ಲಿದ್ದರೂ ಹೊಂದದ್ದನ್ನು ಹಾಗೇ ಬಿಟ್ಟು ಹೋದವನಲ್ಲ. ಆಮೇಲೆ ಗೊಣಗುತ್ತಾ ಮೂಲೆಯಿಂದ ಒಂದು ಕಬ್ಬಿಣದ ತುಂಡು ತಂದು ಪೆಡಲಿಗೆ ಆನಿಸಿ, "ಈಗ?" ಅಂದ.

"ಇನ್ನೂ ಸ್ವಲ್ಪ."

"ಈಗ?"

"ಹ್ಞೂಂ, ಈಗ ಸಿಕ್ತು."

ಸೀಟನ್ನು ಕತ್ತರಿಸಬೇಡಿ ಅಂದಳು ಅವಳು. ಅವನ ಬೆನ್ನಿನ ಅಚ್ಚಿನೊಳಗೇ ಇನ್ನೊಂದು ಚೀಲ ಇಟ್ಟು, ಅವಳನ್ನು ಕೂರಿಸಿ, ಹೊಸ ಫೋಮು ಸುರಿದರು. ಈ ಸಲ ಚೀಲ ಹರಿಯಲಿಲ್ಲ. ಬೇಕಾದಾಗ ಇಟ್ಟು, ಬೇಡವಾದಾಗ ಎತ್ತಿಡುವಂಥ ಒಳಸೀಟು ಆಯಿತು. ಅವಳ ಕಣ್ಣು ಪಾಸಾಯಿತು. ಮನೆಗೆ ಬಂದು ಹೇಳುವಾಗ ಅವಳು ಅವನ ಮುಖ ನೋಡಲಿಲ್ಲ.

ಬಯಲು ಮೊದಲಿನ ಹಾಗೇ ಇತ್ತು, ಕಣ್ಣು ಕುಕ್ಕುವ ಬಿಳಿ. ಕಾರುಗಳನ್ನು ತಪಾಸಣೆ ಮಾಡುವ ಮುದುಕ ಪಂಜರದ ಒಂದೊಂದು ಬೆಸುಗೆಗೂ ಬೆರಳು ಆಡಿಸಿ, "ಯಾರ ಕೈ?" ಅಂದ. ಭಾವಮೈದ ಕಿಡಿಯನ್ನು ತೋರಿಸಿದ. ಹೊಸಬಳಾದ್ದರಿಂದ ಇಷ್ಟೇ ವೇಗದಲ್ಲಿ ಹೋಗಬೇಕು ಅಂತ ಮಿತಿ ಹಾಕಿ ಬಿಟ್ಟರು.

ಕಿಡಿಯೇ ಅವಳಿಗೆ ಬೆಲ್ಟು ಬಿಗಿದ. ಭುಜಕ್ಕೆ, ಸೊಂಟಕ್ಕೆ, ಮತ್ತೆ ಭುಜಕ್ಕೆ.

"ಉಸಿರಾಡೋಕೆ ಸ್ವಲ್ಪ ಬಿಡ್ರಿ."

"ಉಸಿರು ಆ ತುದಿಗೆ ಹೋದ ಮೇಲೆ ಬಿಡು. ಇನ್ನೂರು ಗಜ ದಾಟೋವರೆಗೂ ಗೇರು ಬದಲಾಯಿಸಬೇಡ. ಚಕ್ರ ಜಾರಿದ್ರೆ ತಿದ್ದೋಕೆ ಹೋಗಬೇಡ, ಕಾಲು ಎತ್ತು."

"ಎಷ್ಟು ಸಲ ಹೇಳ್ತೀರ."

"ಕೊನೇ ಸಲ," ಅಂದು ಗಾಜಿನ ಮುಚ್ಚಳ ಹಾಕಿದ. ಗಾಜಿನಲ್ಲಿ ಅವನದೇ ಮುಖ, ಅದರ ಹಿಂದೆ ಅವಳದು.

ಅವಳು ಹೋದಳು. ಎಂಜಿನ್ ಒಮ್ಮೆ ಕೆಮ್ಮಿತು, ಆಮೇಲೆ ಸ್ವರ ಹಿಡಿಯಿತು. ಒಂದು ಗೇರು, ಇನ್ನೊಂದು ಗೇರು, ಎಲ್ಲ ಅವನು ಹೇಳಿದ ಜಾಗದಲ್ಲೇ. ಕಾರು ಕುಗ್ಗುತ್ತಾ ಹೋಯಿತು. ಕಿಡಿ ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ಹಿಡಿದುಕೊಂಡೇ ಇದ್ದ. ಕೊನೆಗೆ ಅದಕ್ಕೂ ಸಿಗಲಿಲ್ಲ. ಮೈಕಿನಲ್ಲಿ ಏನೋ ಕೂಗಿದರು. ಕೊಟ್ಟ ಮಿತಿಯನ್ನು ಮುಟ್ಟಿ, ದಾಟದೆ, ನೆಟ್ಟಗೆ ಹೋಗಿದ್ದಳು. "ಅಕ್ಕ ಇಲ್ಲೂ ರೂಲ್ಸು ಮುರೀಲಿಲ್ಲ ನೋಡಿ," ಅಂತ ಭಾವಮೈದ ಅವನ ಬೆನ್ನಿಗೆ ಗುದ್ದಿದ.

ಇಬ್ಬರೂ ಸಣ್ಣ ಲಾರಿಯಲ್ಲಿ ಬಯಲಿನ ಆ ತುದಿಗೆ ಹೋದರು. ಅವಳು ಹೆಲ್ಮೆಟ್ ತೆಗೆದು, ಬೆವರಿಗೆ ಕೂದಲು ಅಂಟಿಸಿಕೊಂಡು, ಕಾರಿಗೆ ಒರಗಿ ನಿಂತಿದ್ದಳು. ಕಿಡಿ ಲಾರಿ ನಿಲ್ಲುವ ಮೊದಲೇ ಜಿಗಿದ.

"ಹೇಗಿತ್ತು?"

"ಚೆನ್ನಾಗಿತ್ತು."

"ಚೆನ್ನಾಗಿತ್ತು ಅಂದ್ರೆ?"

ಅವಳು ಯೋಚಿಸಿದಳು. ನಿಜವಾಗಲೂ ಹುಡುಕುತ್ತಿದ್ದಳು, ಅವನಿಗೆ ಕಾಣಿಸಿತು. "ಮೊದಲು ಹೆದರಿಕೆ ಆಯ್ತು. ಆಮೇಲೆ ಹೆದರಿಕೆ ಇರಲಿಲ್ಲ."

"ಆಮೇಲೆ?"

"ಆಮೇಲೆ ಮುಗೀತು."

"ಅಷ್ಟೇನಾ? ಅಷ್ಟೇ ಹೇಳೋಕೆ ಬಂತಾ ನಿನಗೆ?" ಅವನ ದನಿ ಏರಿತು. ಬಹಳ ದಿನದ ಮೇಲೆ ಏರಿದ ದನಿ.

"ಇನ್ನೇನು ಹೇಳ್ಲಿ ಕಣ್ರೀ," ಅಂದಳು ಮೆಲ್ಲಗೆ. "ಅದು ಹೇಳೋದರಲ್ಲಿ ಇಲ್ಲ. ಇದ್ದಿದ್ರೆ ನಿಮಗೆ ಹೇಳದೆ ಇನ್ಯಾರಿಗೆ ಹೇಳ್ತೀನಿ?"

ಅವನು ಉಪ್ಪನ್ನು ಬೂಟಿನಲ್ಲಿ ಕೆರೆಯುತ್ತಾ ನಿಂತ. ಭಾವಮೈದ ಆಗಲೇ ಲಾರಿಯ ಹಿಂದಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಕಾರಿಗೆ ಸಿಕ್ಕಿಸುತ್ತಿದ್ದ. ಓಟ ಮುಗಿದ ಕಾರನ್ನು ಎಳೆದುಕೊಂಡೇ ವಾಪಸ್ ಹೋಗಬೇಕು. ಎಳೆಯುವಾಗ ಒಳಗೆ ಯಾರಾದರೂ ಕೂತು ಸ್ಟೇರಿಂಗ್ ಹಿಡಿಯಬೇಕು.

"ನನ್ನ ಡ್ಯೂಟಿ ಮುಗೀತು," ಅಂದಳು ಹೆಂಡತಿ. ತನ್ನ ಒಳಸೀಟನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. "ನೀವೇ ಕೂತ್ಕೊಳ್ಳಿ."

ಅವನು ಒಳಗೆ ಇಳಿದ. ಬೆನ್ನು ತನ್ನ ಜಾಗವನ್ನು ತಾನೇ ಹುಡುಕಿಕೊಂಡು ಕೂತಿತು. ಅವಳ ಪೆಡಲಿನ ಕಬ್ಬಿಣದ ತುಂಡಿನಿಂದ ಮಂಡಿ ಮಾತ್ರ ಗಲ್ಲದ ಹತ್ತಿರಕ್ಕೆ ಬಂತು. ಇಡೀ ಕಾರು ಅವಳ ಓಟದ ಬಿಸಿಯಲ್ಲೇ ಇತ್ತು. ಅವಳು ಮುಚ್ಚಳ ಹಾಕಿ, ಹೋಗಿ ಲಾರಿಯ ಹಿಂದೆ ಅವನ ಕಡೆ ಮುಖ ಮಾಡಿ ಕೂತಳು. ಹಗ್ಗ ಬಿಗಿಯಾಯಿತು.

ಲಾರಿ ಮೆಲ್ಲಗೆ ಹೊರಟಿತು. ಉಪ್ಪಿನ ಒಂದೊಂದು ಬಿರುಕೂ ಬಂದು, ನಿಂತು, ತನ್ನನ್ನು ತೋರಿಸಿ, ಆಮೇಲೆ ಕಾರಿನ ಕೆಳಗೆ ಹೋಗುತ್ತಿತ್ತು. ಕಿಡಿ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು ನೆಟ್ಟಗೆ ನೋಡುತ್ತಿದ್ದ. ಸ್ವಲ್ಪ ದೂರ ತಡೆದುಕೊಂಡ. ಆಮೇಲೆ ಗಾಜಿನೊಳಗಿಂದ ಕೂಗಿದ: "ಇನ್ನೂ ಸ್ವಲ್ಪ ಜೋರಾಗಿ ಹೋಗೋ."

ಭಾವಮೈದನಿಗೆ ಕೇಳಿಸಲಿಲ್ಲ. ಹೆಂಡತಿಗೆ ತುಟಿ ಕಾಣಿಸಿತು. ಅವಳು ತಿರುಗಿ ಲಾರಿಯ ತಗಡನ್ನು ದಬದಬ ಬಡಿದಳು. ಏನೋ ಕೆಟ್ಟಿತು ಅಂದುಕೊಂಡು ಭಾವಮೈದ ಬ್ರೇಕು ಹಾಕಿ, ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಏನಾಯ್ತು ಭಾವ?"

ಕಿಡಿ ಮುಚ್ಚಳವನ್ನು ಒಂಚೂರು ಎತ್ತಿದ. ಮೂವರೂ ಅವನ ಮಾತಿಗೆ ಕಾದ ಹಾಗಿತ್ತು, ಅವನೂ ಸೇರಿ.

"ಏನಿಲ್ಲ," ಅಂದ. "ಹೋಗು."