ಪುಷ್ಪಳ ಕೈಗುಣ

ಕ್ಯಾಸಂಬಳ್ಳಿ ಕಡೆಯ ಆ ಹಳ್ಳಿಯಲ್ಲಿ ಸೊಪ್ಪಿನ ಕಟ್ಟು ಕಟ್ಟುವುದರಲ್ಲಿ ಪುಷ್ಪಳನ್ನು ಮೀರಿಸುವವರಿಲ್ಲ. ಕೊತ್ತಂಬರಿಯೋ ದಂಟೋ ಮೆಂತ್ಯವೋ, ಅವಳ ಮುಂದೆ ಸುರಿದರೆ ಸಾಕು, ಮಾತಾಡುತ್ತ ಮಾತಾಡುತ್ತಲೇ ಕಟ್ಟಿ ಪಕ್ಕಕ್ಕೆ ಎಸೆಯುತ್ತಾಳೆ. ಬಂಗಾರಪೇಟೆಯಲ್ಲಿ ರೈಲು ಹತ್ತಿಸಿ ಬೆಂಗಳೂರಲ್ಲಿ ಇಳಿಸಿದರೂ ಒಂದು ಎಲೆ ಜಾರಿರುವುದಿಲ್ಲ. ಅಂಥ ಕೈ. ಆದರೆ ಅದೇ ಕೈಯನ್ನು ಅವಳು ಹಸುವಿನ ಮೈಮೇಲೆ ಇಟ್ಟಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಕೇಳಿದರೆ ನಗುತ್ತಾಳೆ. "ನನ್ ಕೈಗುಣ ಸರಿಗಿಲ್ಲಮ್ಮ. ನಾನು ಮುಟ್ಟಿದ್ ಜೀವ ಉಳಿಯಾಕಿಲ್ಲ" ಅನ್ನುತ್ತಾಳೆ, ತನಗೆ ಸಕ್ಕರೆ ಕಾಯಿಲೆ ಇದೆ ಅಂತ ಯಾರಾದರೂ ಹೇಳಿಕೊಳ್ಳುವಷ್ಟೇ ಸಲೀಸಾಗಿ.

ಊರವರೂ ಒಪ್ಪಿಕೊಂಡುಬಿಟ್ಟಿದ್ದರು. ಈ ಸೀಮೆಯಲ್ಲಿ ಕೈಗುಣ ಅಂದರೆ ತಮಾಷೆಯಲ್ಲ. ರಾಗಿ ಬಿತ್ತುವಾಗ ಮೊದಲ ಹಿಡಿ ಯಾರ ಕೈಯಿಂದ ಬೀಳಬೇಕು, ಹೊಸ ಹಸುವನ್ನು ಯಾರ ಕೈಲಿ ಮನೆ ತುಂಬಿಸಿಕೊಳ್ಳಬೇಕು, ಎಲ್ಲಕ್ಕೂ ಒಂದೊಂದು ಕೈ ಉಂಟು. ಒಳ್ಳೆಯ ಕೈ ಇದ್ದಮೇಲೆ ಕೆಟ್ಟ ಕೈಯೂ ಇರಲೇಬೇಕಲ್ಲ, ಅದು ಪುಷ್ಪಳ ಪಾಲಿಗೆ ಬಂತು. ಬಂತು ಅಂದರೆ ತಪ್ಪು. ಅವಳೇ ಎದ್ದುಹೋಗಿ ತಂದುಕೊಂಡಳು. ಅದು ಹೇಗೆ ಅಂತ ಕೇಳಿ.

ಪುಷ್ಪಳ ತೌರು ಚಿನ್ನದ ಗಣಿಯ ಸಾಲುಮನೆಗಳ ಮೈಸೂರು ಮೈನ್ಸ್. ಅವಳಪ್ಪ ಶ್ರೀರಾಮಪ್ಪ ಗಣಿಗೆ ಇಳಿದವನಲ್ಲ, ಮಾರ್ಕೆಟ್ಟಿನಲ್ಲಿ ಸೌದೆ, ಸೊಪ್ಪು, ಕಬ್ಬು, ಸಿಕ್ಕಿದ್ದನ್ನೆಲ್ಲ ಹೊರೆ ಕಟ್ಟಿ ಹೊತ್ತವನು. ಮಗಳಿಗೆ ಅವನು ಕಲಿಸಿದ ವಿದ್ಯೆ ಒಂದೇ, ಹೊರೆಗಂಟು. ಎಳೆದಷ್ಟೂ ಬಿಗಿಯುವ ಗಂಟು ಅದು. ತಲೆಯ ಮೇಲೆ ಎಷ್ಟು ಕುಲುಕಿದರೂ ಸಡಿಲವಾಗದು, ಮೋಟು ತುದಿ ಹಿಡಿದು ಜಗ್ಗಿದರೆ ಮಾತ್ರ ತಟ್ಟನೆ ಬಿಚ್ಚಿಕೊಳ್ಳುತ್ತದೆ. ಆ ಸಾಲುಮನೆಯಲ್ಲಿ ದನಕರು ಸಾಕುವುದಕ್ಕೆ ಜಾಗವೆಲ್ಲಿ? ಮದುವೆಯಾಗಿ ಅಂಬರೀಶನ ಮನೆಗೆ ಬಂದಾಗಲೇ ಅವಳು ಕೊಟ್ಟಿಗೆಯ ಮುಖ ನೋಡಿದ್ದು.

ಆ ಕೊಟ್ಟಿಗೆ ಅತ್ತೆ ಪಾಪಕ್ಕನ ರಾಜ್ಯ. ಪಾಪಕ್ಕನಿಗೆ ಹೆತ್ತ ಮಗನಿಗಿಂತ ಹಸುವಿನ ಮೇಲೆ ಒಂದು ಗುಲಗಂಜಿ ಜಾಸ್ತಿಯೇ ಪ್ರೀತಿ. ಹೊಸ ಸೊಸೆ ಬಂದ ವರ್ಷ ಹಸು ಹೆಣ್ಣುಗರು ಹಾಕಿತು, ಹಣೆಯಲ್ಲಿ ಬಿಳಿ ಬೊಟ್ಟಿನ ಕರು. ಒಂದು ದಿನ ಪಾಪಕ್ಕ ಬಂಗಾರಪೇಟೆ ಸಂತೆಗೆ ಹೊರಟವಳು "ಕರೂನ ಕಟ್ಟಾಕು, ತಾಯಿ ಅತ್ರ ಓಗಿ ಆಲೆಲ್ಲಾ ಕುಡಿದ್ಬುಡ್ತದೆ" ಅಂದು ಹೋದಳು. ಪುಷ್ಪ ಕರುವಿನ ಕುತ್ತಿಗೆಗೆ ಹಗ್ಗ ಸುತ್ತಿ ತನಗೆ ಗೊತ್ತಿದ್ದ ಗಂಟು ಹಾಕಿದಳು. ಭದ್ರವಾಗಿದೆ ಅಂತ ಒಮ್ಮೆ ಎಳೆದೂ ನೋಡಿದಳು. ಆಮೇಲೆ ಪಕ್ಕದ ಮನೆಗೆ ಟಿವಿ ನೋಡಲು ಹೋದಳು.

ಬಂದು ನೋಡಿದರೆ ಕರು ತಾಯಿಯ ಕಡೆಗೆ ಕತ್ತು ಚಾಚಿ ಮಲಗಿತ್ತು. ನಾಲಿಗೆ ಹೊರಗಿತ್ತು. ಅಯ್ಯೋ, ಆ ಹೊತ್ತಿಗೆ ಅವಳ ಜೀವ ಬಾಯಿಗೆ ಬಂದಿತ್ತು. ಮೋಟು ತುದಿ ಜಗ್ಗಿ ಹಗ್ಗ ಬಿಚ್ಚಿದಳು, ಅದನ್ನು ಮೇವಿನ ಮರೆಗೆ ಎಸೆದಳು. ಕುತ್ತಿಗೆಯ ಸುತ್ತ ಕೂದಲು ಎದ್ದಿದ್ದನ್ನು ಅಂಗೈಯಿಂದ ಸವರಿ ಸವರಿ ಮಲಗಿಸಿದಳು. ಪಾಪಕ್ಕ ಬಂದು ಎದೆ ಬಡಿದುಕೊಳ್ಳುವಾಗ, ನೆರೆಮನೆಯ ನರಸಮ್ಮ "ಒಟ್ಟೆ ಉಬ್ಬರ ಬಂದಿತ್ತೋ ಏನೋ" ಅನ್ನುವಾಗ, ಪುಷ್ಪಳ ಬಾಯಿಂದ ತಾನೇ ತಾನಾಗಿ ಒಂದು ಮಾತು ಬಂತು. "ನನ್ ಕೈ ಸರಿಗಿಲ್ಲ ಅತ್ತೆ. ನಾನು ಮುಟ್ಟಿದ್ದಕ್ಕೇ ಇಂಗಾತು."

ಎಷ್ಟು ಚೆನ್ನಾಗಿ ಕೆಲಸ ಮಾಡಿತು ನೋಡಿ ಆ ಮಾತು! ಗಂಟು ಅಂದಿದ್ದರೆ ಅದು ತಪ್ಪು, ತಪ್ಪಿಗೆ ಬೈಗುಳ ಬೀಳುತ್ತದೆ. ಕೈಗುಣ ಅಂದರೆ ಹಣೆಬರಹ, ಹಣೆಬರಹಕ್ಕೆ ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ. ಪಾಪಕ್ಕ ಅತ್ತು ಮುಗಿಸಿ ಸೊಸೆಯ ಬೆನ್ನು ಸವರಿದಳು. "ಓಗ್ಲಿ ಬುಡು, ನಿನ್ ತಪ್ಪೇನೈತೆ. ಇನ್ಮ್ಯಾಲೆ ನೀನು ಕೊಟ್ಟಿಗೆ ಕಡೆ ಬರಬ್ಯಾಡ, ನಾನೇ ನೋಡ್ಕತೀನಿ" ಅಂದಳು.

ಮೊದಮೊದಲು ಪುಷ್ಪಳಿಗೆ ಗಂಟು ನೆನಪಿತ್ತು. ಆಮೇಲೆ ಹಾಲು ಒಡೆದರೆ ತನ್ನ ಕೈ, ಕೋಳಿ ಸತ್ತರೆ ತನ್ನ ಕೈ, ನೆಟ್ಟ ಬದನೆ ಬಾಡಿದರೆ ತನ್ನ ಕೈ ಅಂತ ಒಂದೊಂದೇ ಸಾಕ್ಷಿ ಹುಡುಕಿಕೊಂಡಳು. ಹುಡುಕಿದವರಿಗೆ ಸಾಕ್ಷಿಗೇನು ಬರ? ಸೀಮಂತಕ್ಕೆ ಬಳೆ ತೊಡಿಸಲು ಕರೆದರೆ ಹಿಂದೆ ಸರಿದಳು. ಮಹಿಳಾ ಸಂಘದವರು ಹೈನುಗಾರಿಕೆ ತರಬೇತಿಗೆ ಹೆಸರು ಬರೆಸು ಅಂದರೆ ಕೈ ಮುಗಿದಳು. ಮಗಳು ರಾಧ ಹುಟ್ಟಿದಾಗ ಎಳೆಗೂಸಿಗೆ ನೀರು ಹಾಕಲೂ ಹೆದರಿ, ಅತ್ತೆ ಕಾಲು ಚಾಚಿ ಕೂತು ಎರೆಯುವಾಗ ತಾನು ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಆ ನೋವು ಸುಳ್ಳಲ್ಲ. ಸ್ವಂತ ಮಗುವಿನ ತಲೆಗೆ ಎಣ್ಣೆ ಒತ್ತಲಾಗದ ತಾಯಿಯ ನೋವು ಅದು. ಇಷ್ಟೆಲ್ಲ ನೊಂದಮೇಲೆ ಆ ಮಾತು ಸುಳ್ಳಾಗಿರಲು ಹೇಗೆ ಸಾಧ್ಯ? ಕೊನೆಗೆ ಆ ದಿನದ ಹಗ್ಗವೇ ಅವಳಿಗೆ ಮರೆತುಹೋಯಿತು.

ಈಗ ರಾಧ ಪಿಯುಸಿ ಮುಗಿಸಿದ್ದಾಳೆ. ಹುಡುಗಿಗೆ ಅಜ್ಜಿಯ ಹುಚ್ಚೇ ಅಂಟಿದೆ, ಹಸು ಕಂಡರೆ ಊಟ ಬೇಡ. ದನಗಳ ಆರೈಕೆ ಕಲಿಸುವ ಡಿಪ್ಲೊಮಾ ಓದಬೇಕು, ಮನೆಯಲ್ಲೇ ನಾಲ್ಕು ಹಸು ಕಟ್ಟಬೇಕು ಅನ್ನುವುದು ಅವಳ ಆಸೆ. ಆದರೆ ಪಾಪಕ್ಕನ ಮೊಣಕಾಲು ಹೋಗಿದೆ. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಬೆಂಗಳೂರಿನ ಫ್ಯಾಕ್ಟರಿಗೆ ದಿನಾ ರೈಲಲ್ಲಿ ಹೋಗಿಬರುವ ಅಂಬರೀಶ ಒಂದು ರಾತ್ರಿ ಊಟಕ್ಕೆ ಕೂತು ತೀರ್ಮಾನ ಹೇಳಿಬಿಟ್ಟ. "ಅಮ್ಮನ ಕೈಲಿ ಆಗ್ತಿಲ್ಲ. ನಿನ್ ಕೈ ಆಗ್ಬರಲ್ಲ. ಬರೋ ಸಂತೇಲಿ ಅಸಾನೂ ಕರೂನೂ ಮಾರಿಬುಡಾನ."

"ನಾನು ಆಲು ಕರೀತೀನಪ್ಪ" ಅಂದಳು ರಾಧ.

ಪಾಪಕ್ಕ ಬಾಯಿಗೆ ತುತ್ತು ಇಟ್ಟವಳು ತಡೆದಳು. "ಬ್ಯಾಡಮ್ಮ. ನೀನು ಅವಳ ಒಟ್ಟೇಲಿ ಉಟ್ಟಿದ್ದು. ಆ ಕೈಯೇ ತಾನೆ ನಿಂದೂವೆ? ಇನ್ನೊಂದು ಕರು ಸಾಯೋದು ನಾನು ನೋಡಾಕಿಲ್ಲ."

ಹುಡುಗಿ ತಾಯಿಯ ಮುಖ ನೋಡಿದಳು. ಒಂದೇ ಒಂದು ಮಾತು ಸಾಕಿತ್ತು. ಪುಷ್ಪ ಸಾರಿನ ಪಾತ್ರೆ ಮುಚ್ಚುತ್ತ "ಅಜ್ಜಿ ಅನ್ನೋದು ಸರಿ ಕಣೇ" ಅಂದಳು. ರಾಧ ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದಳು.

ಸಂತೆಗೆ ಮುಂಚಿನ ಭಾನುವಾರ. ಅಂಬರೀಶ ಓವರ್‌ಟೈಮ್ ಅಂತ ರೈಲು ಹತ್ತಿದ್ದ. ಪಾಪಕ್ಕ ಮೊಣಕಾಲಿಗೆ ಎಣ್ಣೆ ತರಲು ನರಸಮ್ಮನ ಜೊತೆ ಬಸ್ಸಿನಲ್ಲಿ ರಾಬರ್ಟ್‌ಸನ್‌ಪೇಟೆಗೆ ಹೋಗಿದ್ದಳು. ಪುಷ್ಪ ಜಗಲಿಯಲ್ಲಿ ಕೊತ್ತಂಬರಿ ಕಟ್ಟುತ್ತಿದ್ದಳು. ಕೊಟ್ಟಿಗೆಯಲ್ಲಿ ಬಿಸಿಲು ಬೀಳುತ್ತಿದೆ ಅಂತ ರಾಧ ಕರುವನ್ನು ಹೊಂಗೆಮರದ ನೆರಳಿಗೆ ತಂದು, ಮೇವಿನ ಹೊರೆಯ ಹಗ್ಗದಲ್ಲಿ ಕಟ್ಟಿದಳು. ಪುಷ್ಪ ನೋಡಿಯೂ ನೋಡದವಳ ಹಾಗೆ ಇದ್ದಳು. ಇನ್ನೆರಡು ದಿನ ಮುದ್ದಾಡಿಕೊಳ್ಳಲಿ ಅಂದುಕೊಂಡಳು. ರಾಧ ಕೊಡ ಹಿಡಿದು ನೀರಿಗೆ ಹೋದಳು.

ಸ್ವಲ್ಪ ಹೊತ್ತಿಗೆ ಒಂದು ಸದ್ದು. ಕೂಗಲ್ಲ, ಗೊರಗೊರ. ಪುಷ್ಪ ಎದ್ದು ಓಡಿದಳು. ಕರು ಕೊಟ್ಟಿಗೆಯಲ್ಲಿದ್ದ ತಾಯಿಯ ಕಡೆ ಜಗ್ಗುತ್ತ ಮುಂಗಾಲೂರಿ ಕುಸಿದಿತ್ತು, ಕಣ್ಣು ಮೇಲಾಗಿತ್ತು. ಅವಳು ಅಲ್ಲಿಗೆ ಹೋಗಿ ಏನು ಮಾಡಿದಳು ಗೊತ್ತೆ? ಕೈಗಳೆರಡನ್ನೂ ಸೆರಗಿನಲ್ಲಿ ಮುಚ್ಚಿಕೊಂಡಳು. "ರಾಧಾ! ಬಾರೇ ಬೇಗ! ನಾನು ಮುಟ್ಟಂಗಿಲ್ಲ ಕಣೇ, ಬಾರೇ!" ಅಂತ ಕಿರುಚಿದಳು. ಕಣ್ಣೆದುರು ಜೀವ ಹೋಗುತ್ತಿದೆ, ಈ ಮಹಾತಾಯಿ ಕೈ ಮುಚ್ಚಿಕೊಂಡು ನಿಂತಿದ್ದಾಳೆ!

ಆಗ ಗಂಟು ಕಣ್ಣಿಗೆ ಬಿತ್ತು. ಅಪ್ಪನ ಗಂಟು. ಸೊಪ್ಪಿನ ಹೊರೆ ಕಟ್ಟುವಾಗ ತಾನೇ ಮಗಳಿಗೆ ಹೇಳಿಕೊಟ್ಟ ಗಂಟು. ಮೋಟು ತುದಿ ಎಡಗಡೆಗೆ ಇಳಿಬಿದ್ದಿತ್ತು, ಆವತ್ತು ಇದ್ದ ಹಾಗೆಯೇ. ಸೆರಗಿನಿಂದ ಕೈ ಹೊರಬಂತು. ಒಂದು ಕೈಯಿಂದ ಕರುವಿನ ಎದೆಯನ್ನು ಹಿಂದಕ್ಕೆ ದೂಡಿ ಇನ್ನೊಂದರಲ್ಲಿ ಆ ತುದಿಯನ್ನು ಹಿಡಿದು ಜಗ್ಗಿದಳು. ಗಂಟು ಬಿಚ್ಚಿತು. ಕರು ಉಸಿರೆಳೆಯಿತು, ಕೆಮ್ಮಿತು, ಅವಳ ಮಡಿಲಿಗೇ ಒರಗಿಕೊಂಡಿತು. ಬೆಚ್ಚಗಿತ್ತು. ಅಷ್ಟು ವರ್ಷದಲ್ಲಿ ಅವಳು ಕರುವಿನ ಮೈ ಮುಟ್ಟಿದ್ದು ಅದೇ ಮೊದಲು.

ಪಾಪಕ್ಕ ಬಸ್ಸಿಳಿದು ಬಂದಾಗ ಕರು ಎದ್ದು ನಿಂತಿತ್ತು, ಕುತ್ತಿಗೆಯ ಗೆರೆ ಮಾತ್ರ ಕಾಣುತ್ತಿತ್ತು. ಮುದುಕಿಗೆ ಒಂದೇ ನೋಟ ಸಾಕಾಯಿತು. "ನಾನು ಬಡ್ಕಂಡೆ. ಬಡ್ಕಂಡೆ ತಾನೆ? ತಾಯಿ ಕೈ ಮಗಳಿಗೆ ಬರದೆ ಇರ್ತದಾ?"

ರಾಧ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅಜ್ಜಿಯ ಮಾತು ಕೇಳುತ್ತಲೇ ಅಳು ನಿಲ್ಲಿಸಿ ಮೂಗು ಒರೆಸಿಕೊಂಡಳು. "ಊಂ ಅಜ್ಜಿ. ನಂದೂ ಅಮ್ಮನ ಕೈನೇ. ನಾನಿನ್ನು ಮುಟ್ಟಲ್ಲ" ಅಂದಳು. ಅನ್ನುವಾಗ ಅವಳ ಮುಖ ಹಗುರಾಯಿತು. ಆ ಹಗುರವನ್ನು ಪುಷ್ಪ ಗುರುತು ಹಿಡಿದಳು. ಬೈಗುಳ ತಪ್ಪಿತು ಅನ್ನುವ ಹಗುರ. ಇನ್ನು ಈ ಹುಡುಗಿ ಜೀವಮಾನವಿಡೀ ಬಾಗಿಲ ಬಳಿ ನಿಂತು ನೋಡುತ್ತಾಳೆ, ತನ್ನ ಮಗುವಿಗೆ ಇನ್ಯಾರೋ ನೀರು ಹಾಕುವುದನ್ನು.

"ಕೈ ಅಲ್ಲ ಅತ್ತೆ" ಅಂದಳು ಪುಷ್ಪ. "ಗಂಟು. ಅವತ್ತೂ ಗಂಟೇ. ನಾನೇ ಕಟ್ಟಿದ್ದು, ಹೊರೆಗಂಟು. ಕರು ಉರ್ಲು ಬಿಗಿದು ಸತ್ತೋಗಿತ್ತು. ನೀವು ಬರೋದ್ರೊಳಗೆ ಬಿಚ್ಚಿ ಬಿಸಾಕಿದ್ದೆ. ನನ್ ಕೈಗೆ ಏನೂ ಆಗಿರ್ಲಿಲ್ಲ. ನಾನು ಸುಳ್ಳೇಳಿದೆ."

ಪಾಪಕ್ಕ ಬಯ್ಯುತ್ತಾಳೆ ಅಂದುಕೊಂಡಿದ್ದಳು. ಸತ್ತ ಕರುವಿನ ಹೆಸರು ಹಿಡಿದು ಅಳುತ್ತಾಳೆ ಅಂದುಕೊಂಡಿದ್ದಳು. ಮುದುಕಿ ಜಗಲಿಯ ಕಂಬ ಹಿಡಿದು ಮೆಲ್ಲಗೆ ಕೂತು, ಸೀರೆ ಸರಿಸಿ ತನ್ನ ಊದಿದ ಮೊಣಕಾಲುಗಳನ್ನು ನೋಡಿಕೊಂಡಳು.

"ಬಾಣಂತನದಾಗೆ ನೀನು ಮಲ್ಗಿದ್ದಾಗ್ಲೂ ನಾನೇ ಕರೆದೆ" ಅಂದಳು. "ಚಳಿ ಜ್ವರ ಬಂದಾಗ್ಲೂ ನಾನೇ. ಕಾಲು ಮುರೀತಾ ಇದ್ರೂ ಕುಕ್ಕರಗಾಲಲ್ಲಿ ಕೂತು ಕರೆದೆ. ಯಾಕೆ? ಪಾಪ, ಅವಳ ಕೈ ಆಗಲ್ಲ ಅಂತ. ಸೊಸೆ ಮನಸ್ಸು ನೋಯ್ಬಾರ್ದು ಅಂತ." ತಲೆ ಎತ್ತಿದಳು. "ನೀನು ನೋಡ್ತಾ ಇದ್ದೆ. ಅಲ್ವೇನೇ?"

ತಾನು ನೊಂದಿದ್ದನ್ನಷ್ಟೇ ಪುಷ್ಪ ಇಷ್ಟು ವರ್ಷ ಲೆಕ್ಕ ಹಿಡಿದಿದ್ದಳು. ಆ ಸುಳ್ಳಿನ ಭಾರ ಇನ್ನೊಬ್ಬಳ ಮೊಣಕಾಲ ಮೇಲೆ ಕೂತಿದೆ ಅಂತ ಒಂದು ದಿನವೂ ಹೊಳೆದಿರಲಿಲ್ಲ. ನಾಚಿಕೆಯಿಂದ ಸತ್ತುಹೋಗಬಾರದೇ ಅನ್ನಿಸಿತು.

ಆ ಸಂಜೆ ಪಾಪಕ್ಕ ತಾನೇ ಬಕೆಟ್ಟು ಹಿಡಿದು ಕೊಟ್ಟಿಗೆಗೆ ಹೋದಳು. ಮುಲುಗುತ್ತ ಕೂತು ಹಸು ಕರೆದಳು. ಆಮೇಲೆ ಕರುವನ್ನು ಹತ್ತಿರ ಎಳೆದು ಅದರ ಕುತ್ತಿಗೆಗೆ ಹಗ್ಗ ಕಟ್ಟಿದಳು. ಬಿಚ್ಚಿದಳು. ಮತ್ತೆ ನಿಧಾನವಾಗಿ ಕಟ್ಟಿದಳು, ಗಂಟಿನ ಒಳಗೆ ಎರಡು ಬೆರಳು ಇಟ್ಟು ಎಳೆದಳು; ಅದು ಬಿಗಿಯಲಿಲ್ಲ. ಮತ್ತೆ ಬಿಚ್ಚಿ ಇನ್ನೊಮ್ಮೆ ಕಟ್ಟಿದಳು. ಮುಖ ಗೋಡೆಯ ಕಡೆಗಿತ್ತು. ಬಾಗಿಲಲ್ಲಿ ತಾಯಿ ಮಗಳು ನಿಂತು ನೋಡುತ್ತಿರುವುದು ಅವಳಿಗೆ ಗೊತ್ತಿತ್ತು.

ಬೆಳಿಗ್ಗೆ ಡೈರಿಯ ಹೊತ್ತಾದರೂ ಪಾಪಕ್ಕ ಏಳಲಿಲ್ಲ. ಕಂಬಳಿ ಹೊದ್ದು ಮಲಗಿಯೇ ಇದ್ದಳು, ನಿದ್ದೆಯಂತೂ ಮಾಡುತ್ತಿರಲಿಲ್ಲ. ಖಾಲಿ ಬಕೆಟ್ಟು ಹೊಸ್ತಿಲ ಮೇಲಿತ್ತು. ಪುಷ್ಪ ಅದನ್ನು ಎತ್ತಿಕೊಂಡಳು. ರಾಧ ಕರುವನ್ನು ಕುಡಿಯಲು ಬಿಟ್ಟು, ಎಳೆದು, ಅಜ್ಜಿಯ ಗಂಟಿನಲ್ಲಿ ಕಟ್ಟಿದಳು. ಪುಷ್ಪ ಗಂಟಿಗೆ ಎರಡು ಬೆರಳು ಇಟ್ಟು ನೋಡಿ, ಕೆಚ್ಚಲು ತೊಳೆದು ಕೂತಳು. ಸಿಕ್ಕಿದ ಮೊಲೆ ಹಿಡಿದು ಹಿಂಡಿದಳು. ಹಸು ಕಾಲು ಜಾಡಿಸಿತು, ಬಕೆಟ್ಟು ಉರುಳಿತು.

"ಎಬ್ಬೆಟ್ಟು ಮಡಿಸ್ಕಂಡು ಇಂಡ್ತಾ ಇರ್ತೀಯ" ಅಂತು ಒಳಗಿನಿಂದ ಕಂಬಳಿ. "ನೋವಾದ್ರೆ ಒದೀದೆ ಇನ್ನೇನು ಮುತ್ತು ಕೊಡ್ತದಾ?"

ಪುಷ್ಪ ಹೆಬ್ಬೆರಳು ಬಿಡಿಸಿದಳು. ಹಾಲು ಬಂತು, ಸಣ್ಣಗೆ, ಅಂಕುಡೊಂಕಾಗಿ. ಅರ್ಧ ಪಾಲು ಸೀರೆಯ ಮೇಲೆ ಬಿತ್ತು. ಬಕೆಟ್ಟಿನ ತಳ ಮುಚ್ಚುವ ಹೊತ್ತಿಗೆ ಮಣಿಕಟ್ಟು ಸೋತಿತ್ತು, ಮೊಣಕಾಲು ಉರಿಯುತ್ತಿತ್ತು. ಅವಳು ಎದ್ದು ನಿಂತು, ಹಳೆಯ ರೂಢಿಯಲ್ಲೇ ಹೇಳಿದಳು. "ನನ್ ಕೈಲಿ ಇಷ್ಟೇ ಅತ್ತೆ ಆಗೋದು."

"ಕೈ ಮಾತು ಎತ್ತಬ್ಯಾಡ ನನ್ ಮುಂದೆ!" ಪಾಪಕ್ಕನ ದನಿಯಲ್ಲಿ ಸಿಟ್ಟು ಒಂದು ಚೂರೂ ಇಳಿದಿರಲಿಲ್ಲ. "ಕೂತ್ಕ. ಕೆಚ್ಚಲಲ್ಲಿ ಇನ್ನೂ ಆಲೈತೆ."

ಪುಷ್ಪ ಮತ್ತೆ ಕೂತಳು.