ಸಾಹೇಬರಾಗಿದ್ದ ಅಕ್ಕ

ನಾನು ಚಿಕ್ಕವಳಿದ್ದಾಗ ನಾನೂ ಅಕ್ಕನೂ ಇಳಕಲ್ಲಿನ ಬಾಡಿಗೆ ಪುಸ್ತಕದ ಅಂಗಡಿಯಿಂದ ಗೂಢಚಾರರ ಕಾದಂಬರಿಗಳನ್ನು ತಂದು ಓದುತ್ತಿದ್ದೆವು. ಅವುಗಳಲ್ಲಿ ಗೂಢಚಾರರ ಮುಖ್ಯಸ್ಥರೊಬ್ಬರು ಬರುತ್ತಿದ್ದರು. ಎಲ್ಲರೂ ಅವರನ್ನು ‘ಸಾಹೇಬರು’ ಎನ್ನುತ್ತಿದ್ದರು. ಕುರ್ಚಿ ಬಿಟ್ಟು ಏಳದೆ ದೇಶದೇಶಗಳಿಗೆ ಆಳು ಕಳಿಸುತ್ತಿದ್ದರು. ಕಳಿಸಿದವನು ಸಿಕ್ಕಿಬಿದ್ದರೆ, ಇವನು ಯಾರೋ ಗೊತ್ತಿಲ್ಲ ಎಂದುಬಿಡುತ್ತಿದ್ದರು. ಅಕ್ಕನಿಗೆ ಅವರೆಂದರೆ ಪ್ರಾಣ. ನಮ್ಮ ಆಟದಲ್ಲಿ ಸಾಹೇಬರು ಯಾವಾಗಲೂ ಅವಳೇ.

ಅಪ್ಪ ಸೀರೆ ನೇಯುತ್ತಿದ್ದರು. ಆ ಬೇಸಿಗೆಯಲ್ಲಿ ಅವರು ಮಧ್ಯಾಹ್ನ ಮಗ್ಗ ನಿಲ್ಲಿಸಿ, ನೂಲು ತರುತ್ತೇನೆಂದು ಹೋಗಿ ಬರಿಗೈಯಲ್ಲಿ ಬರತೊಡಗಿದರು. ಅವ್ವ ಕೇಳಿದರೆ ಸಿಡುಕುತ್ತಿದ್ದರು.

“ನಾಳೆ ಅಪ್ಪನ ಹಿಂದ ಹೋಗು. ಎಲ್ಲಿ ಹೋಗ್ತಾನ ನೋಡ್ಕೊಂಡು ಬಾ,” ಎಂದಳು ಅಕ್ಕ. ಇದು ಆಟವಲ್ಲವೆಂದು ಅವಳ ದನಿಯಿಂದಲೇ ತಿಳಿಯಿತು.

ಮರುದಿನ ಬರಿಗಾಲಿಗೆ ನೆಲ ಚುರುಗುಡುತ್ತಿತ್ತು. ಗೋಡೆಗಳ ನೆರಳು ಹಿಡಿದು, ಅಪ್ಪನ ಬಿಳಿ ಟೊಪ್ಪಿಗೆಯನ್ನೇ ನೋಡುತ್ತ ನಡೆದೆ. ಅಪ್ಪ ಹೋದದ್ದು ಕಣ್ಣಿನ ದವಾಖಾನೆಗೆ. ಕಿಟಕಿಯ ಸರಳು ಹಿಡಿದು ಇಣುಕಿದೆ. ಔಷಧದ ಘಾಟು ಮೂಗಿಗೆ ಬಡಿಯಿತು. ಡಾಕ್ಟರು ಎರಡು ಬೆರಳು ತೋರಿಸಿದರು.

“ಮೂರ್ರಿ,” ಎಂದರು ಅಪ್ಪ.

“ಇನ್ನ ತಡಾ ಮಾಡಬ್ಯಾಡ್ರಿ. ಆಪರೇಷನ್ ಮಾಡಿಸ್ಕೋರಿ.”

“ಆಮ್ಯಾಲೂ ಕಣ್ಣು ಬರಲಿಲ್ಲಂದ್ರ ಏನ್ ಮಾಡ್ಲಿರಿ?”

ಅಷ್ಟು ಹೆದರಿದ ಅಪ್ಪನನ್ನು ನಾನು ಕಂಡಿರಲೇ ಇಲ್ಲ. ಓಡಬೇಕೆನಿಸಿತು, ಆದರೂ ಸರಳು ಹಿಡಿದೇ ನಿಂತೆ. ಹೊರಬಂದ ಅಪ್ಪ ತೀರ ಹತ್ತಿರ ಬಂದಾಗ ನನ್ನ ಗುರುತು ಹಿಡಿದರು. ರಟ್ಟೆ ಹಿಡಿದು ಮನೆಯ ಕಡೆ ನಡೆದರು. ಅಕ್ಕ ತನಗೇನೂ ಗೊತ್ತಿಲ್ಲ ಎನ್ನುತ್ತಾಳೆ, ಪೆಟ್ಟು ನನಗೊಬ್ಬಳಿಗೇ ಎಂದು ದಾರಿಯುದ್ದಕ್ಕೂ ಹೆದರಿದೆ.

ಹೊಸ್ತಿಲಲ್ಲೇ ಅಕ್ಕ ಅಡ್ಡ ನಿಂತಳು.

“ಅಪ್ಪಾ, ಇಕಿದೇನೂ ತಪ್ಪಿಲ್ಲ. ನಾನ ಕಳಿಸಿದ್ದೆ. ಬಡಿಯೋದಾದ್ರ ನನ್ನ ಬಡಿ.”

ಅಪ್ಪನ ಹಿಡಿತ ಸಡಿಲಾಯಿತು. ಕಟ್ಟೆಯ ಮೇಲೆ ಕುಸಿದು ಕುಳಿತು, “ಕಣ್ಣು ಕಾಣವಲ್ದವಾ ನನಗ,” ಎಂದರು. ಒಳಗಿದ್ದ ಅವ್ವ ಓಡಿ ಬಂದಳು.

ಆಮೇಲೆ ಅಪ್ಪ ದವಾಖಾನೆಗೆ ಒಬ್ಬರೇ ಹೋಗಲಿಲ್ಲ. ಆಪರೇಷನ್ ಆಗಿ ಕಣ್ಣಿನ ಪಟ್ಟಿ ಬಿಚ್ಚುವವರೆಗೂ ನಮಗೆ ಯಾರಿಗೂ ತುತ್ತು ಇಳಿಯಲಿಲ್ಲ. ಬಿಚ್ಚಿದ ದಿನ ಅಪ್ಪ ಅಕ್ಕನ ಜಡೆಯ ಟೇಪು ಹಿಡಿದು ನೋಡಿ, “ಹಸರು,” ಎಂದರು. ಸಾಹೇಬರು ಬಿಕ್ಕಿಬಿಕ್ಕಿ ಅತ್ತರು.

ಈಗ ನನ್ನ ಮೊಮ್ಮಕ್ಕಳಾದ ನೀವು ಮೊಬೈಲು ತೆರೆದರೆ ನಿಮ್ಮ ಅಪ್ಪ ನವನಗರದ ಯಾವ ರಸ್ತೆಯಲ್ಲಿದ್ದಾನೆಂದು ನಕಾಶೆಯಲ್ಲೇ ಕಾಣುತ್ತದೆ. ಯಾರೂ ಹಿಂಬಾಲಿಸಬೇಕಿಲ್ಲ. ಆದರೆ ಅವನು ಮುಖ ಬಾಡಿಸಿಕೊಂಡು ಬಂದ ಸಂಜೆ, ಯಾಕೆಂದು ಅದು ಹೇಳುವುದಿಲ್ಲ ಮಕ್ಕಳೇ. ಅದನ್ನು ನೀವೇ ಪಕ್ಕದಲ್ಲಿ ಕುಳಿತು ಕೇಳಬೇಕು.